ಕರ್ಕಿಯಿಂದ ಸಾಂಗಲಿಗೆ ಹೋದ ‘ಸೀತಾ ಸ್ವಯಂವರ’

ನವೆಂಬರ್ 5 ಮಹಾರಾಷ್ಟ್ರದಲ್ಲಿ ಮರಾಠಿ ರಂಗಭೂಮಿ ದಿನ. 1843ರಲ್ಲಿ ಸಾಂಗಲಿ ಸಂಸ್ಥಾನದಲ್ಲಿ ವಿಷ್ಣುದಾಸ ಭಾವೆಯವರು ರಾಮಾಯಣದ ‘ಸೀತಾ ಸ್ವಯಂವರ’ವನ್ನು ಹಾಡುನಾಟಕವಾಗಿ ಆಡಿಸಿದ ನೆನಪು ಅದು. ಅದರ ಬೇರು ಹಿಡಿದು ಹೊರಟರೆ ನಾವು ಬಂದು ನಿಲ್ಲುವುದು ನಮ್ಮ ಹೊನ್ನಾವರ ಸೀಮೆಯ ಕರ್ಕಿಯಲ್ಲಿ.

ಹಿಂದಿನ ವರ್ಷ, 1842ರಲ್ಲಿ, ಕರ್ಕಿಯ ಯಕ್ಷಗಾನದ ಭಾಗವತ ಮೇಳ ಘಟ್ಟ ಹತ್ತಿ ಸಾಂಗಲಿಗೆ ಹೋಗಿತ್ತು. ದೊರೆ ಚಿಂತಾಮಣರಾವ್ ಅಪ್ಪಾಸಾಹೇಬ ಪಟವರ್ಧನರು ಆಟ ನೋಡಿದರು. ಮರಾಠಿಯಲ್ಲೂ ಇಂಥದ್ದೊಂದನ್ನು ಕಟ್ಟು ಎಂದು ತಮ್ಮ ಆಶ್ರಯದಲ್ಲಿದ್ದ ತರುಣ ಭಾವೆಗೆ ಹೇಳಿದರು. ಭಾವೆ ಹಾಡು ಕಟ್ಟಬಲ್ಲವರು, ಮರದ ಗೊಂಬೆಗಳನ್ನು ಮಾಡಬಲ್ಲವರು.

ಅವರು ಕಟ್ಟಿದ್ದನ್ನು ಯಕ್ಷಗಾನ ಬಲ್ಲವರಿಗೆ ಬಿಡಿಸಿ ಹೇಳಬೇಕಿಲ್ಲ. ಮೊದಲಿಗೆ ಗಣಪತಿಯ ಸ್ತುತಿ, ಆಮೇಲೆ ಸರಸ್ವತಿಯ ಪ್ರವೇಶ. ಪದ್ಯವೆಲ್ಲ ಸೂತ್ರಧಾರನದು. ಆಟದ ಉದ್ದಕ್ಕೂ ರಂಗದಲ್ಲೇ ನಿಂತು ಕಥೆಯನ್ನು ಹಾಡಿನಲ್ಲಿ ನಡೆಸುವವನು ಅವನು. ಅವನ ಪದ್ಯ ಮುಗಿದ ಮೇಲೆ ರಾಮನೋ ಜನಕನೋ ಅದರ ಅರ್ಥ ಹಿಡಿದು ಆ ಕ್ಷಣಕ್ಕೆ ಹೊಳೆದ ಮಾತಾಡುತ್ತಿದ್ದರು. ಬರೆದಿಟ್ಟ ಸಂಭಾಷಣೆ ಇರಲಿಲ್ಲ. ನಮ್ಮ ಭಾಗವತಿಕೆ, ನಮ್ಮ ಅರ್ಥಗಾರಿಕೆ! ಹಾಸ್ಯಗಾರನ ಜಾಗದಲ್ಲಿ ವಿದೂಷಕ. ಬಣ್ಣದ ವೇಷದ ಅಟ್ಟಹಾಸವನ್ನು ನೆನಪಿಸುವ ರಾಕ್ಷಸರಂತೂ ‘ಅಲಲಡುರ್ರ್’ ಎಂದು ಆರ್ಭಟಿಸುತ್ತಿದ್ದರು. ಮುಂದೆ ಈ ಬಗೆಯ ಆಟಗಳಿಗೆ ಮರಾಠಿಗರಲ್ಲಿ ಅದೇ ಅಡ್ಡಹೆಸರಾಯಿತು. ಹೆಣ್ಣು ಪಾತ್ರ ಗಂಡಸರದೇ.

1851ರಲ್ಲಿ ದೊರೆ ತೀರಿಕೊಂಡರು. ಅರಮನೆಯ ಆಸರೆ ತಪ್ಪಿದ ಮೇಲೆ ಭಾವೆ ತಂಡ ಕಟ್ಟಿಕೊಂಡು ಊರೂರು ತಿರುಗಿದರು. 1853ರಲ್ಲಿ ಮುಂಬಯಿಯ ಗ್ರಾಂಟ್ ರೋಡ್ ರಂಗಮಂದಿರದಲ್ಲಿ ಟಿಕೆಟ್ ಇಟ್ಟು ಆಡಿದರು. ಪಾರ್ಸಿ ನಾಟಕ ಮಂಡಳಿ ಹುಟ್ಟಿದ್ದೂ ಅದೇ ವರ್ಷ, ಅದೇ ಊರಿನಲ್ಲಿ. ದೇವಸ್ಥಾನದ ಅಂಗಳ, ಗದ್ದೆಯ ಬಯಲುಗಳಲ್ಲಿ ಬೆಳೆದ ಆಟದ ಕ್ರಮ ಹತ್ತೇ ವರ್ಷದಲ್ಲಿ ಮಹಾನಗರದ ರಂಗಮಂದಿರಕ್ಕೆ ಬಂದು ಮುಟ್ಟಿತ್ತು.

ಹಾಡು ಸೂತ್ರಧಾರನ ಕೈಬಿಟ್ಟು ಪಾತ್ರಧಾರಿಗಳ ಪಾಲಾಗಲು ಇನ್ನೊಬ್ಬರು ಬರಬೇಕಾಯಿತು. ಅವರೂ ನಮ್ಮ ನೆಲದವರೇ. ‘ಸೀತಾ ಸ್ವಯಂವರ’ ರಂಗಕ್ಕೇರಿದ 1843ರಲ್ಲೇ ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ಪುಣೆಯಲ್ಲಿ ‘ಶಾಕುಂತಲ’ವನ್ನು, 1882ರಲ್ಲಿ ಮಹಾಭಾರತದ ಸುಭದ್ರೆಯ ಕಥೆಯ ‘ಸೌಭದ್ರ’ವನ್ನು ರಂಗಕ್ಕೆ ತಂದರು. ಅಲ್ಲಿ ಶಕುಂತಲೆಯ ಹಾಡನ್ನು ಶಕುಂತಲೆಯೇ ಹಾಡಿದಳು. ಕೇಳಿ ಬೆಳೆದ ಕನ್ನಡ ಮಟ್ಟುಗಳನ್ನೂ ಕಿರ್ಲೋಸ್ಕರರು ಬಳಸಿಕೊಂಡರು. ಭಾವೆಯವರ ಋಣವನ್ನು ಮರಾಠಿಗರು ಮರೆತಿಲ್ಲ. ಸಾಂಗಲಿಯ ನಾಟ್ಯಗೃಹಕ್ಕೆ ಅವರದೇ ಹೆಸರಿದೆ, ಕಲಾವಿದರಿಗೆ ಕೊಡುವ ಭಾವೆ ಪದಕವನ್ನು ದೊಡ್ಡ ಗೌರವವೆಂದು ಕಾಣುತ್ತಾರೆ. ಕರ್ಕಿಯ ಹೆಸರನ್ನೂ ಮರಾಠಿ ರಂಗಚರಿತ್ರೆಗಳು ಬರೆದಿಟ್ಟಿವೆ. ನಮ್ಮ ಶಾಲೆಯ ಮಕ್ಕಳಿಗೆ ಈ ಕಥೆ ಗೊತ್ತಿಲ್ಲವೆಂಬುದು ನನಗೆ ನಿಜವಾಗಿಯೂ ನೋವಿನ ಸಂಗತಿ.

ಭಾವೆಯವರಿಂದ ಬೆಳೆದ ಮರಾಠಿ ನಾಟಕ ಮತ್ತೆ ಧಾರವಾಡ, ಹುಬ್ಬಳ್ಳಿ, ಗದಗಗಳಿಗೆ ಬಂದು ಜನರನ್ನು ಮರುಳು ಮಾಡಿತು. ಕನ್ನಡದ ಊರಲ್ಲಿ ಕನ್ನಡದ ನಾಟಕವೇ ಇಲ್ಲವೆಂದು ಕಳವಳಪಟ್ಟ ಶಾಂತಕವಿ, ಅಂದರೆ ಸಕ್ಕರಿ ಬಾಳಾಚಾರ್ಯರು, ಭಾಗವತದ ಕಥೆಯೊಂದನ್ನು ಎತ್ತಿಕೊಂಡು ‘ಉಷಾಹರಣ’ ಬರೆದರು. ಗದುಗಿನ ವೀರನಾರಾಯಣನ ಹೆಸರಿನಲ್ಲಿ ಮಂಡಳಿ ಕಟ್ಟಿ ಅದನ್ನು ಕನ್ನಡದಲ್ಲಿ ಆಡಿಸಿದರು.