ನಕ್ಷೆಗೆ ಸಿಗದ ಕೈಗಳು

ಕೆಲವು ವರ್ಷಗಳ ಹಿಂದೆ ವಿದ್ಯಾರ್ಥಿಗಳ ಒಂದು ಸಣ್ಣ ಸಮೀಕ್ಷಾ ತಂಡದೊಡನೆ ನಾನು ಇಳಕಲ್‌ಗೆ ಹೋಗಿದ್ದೆ. ಮನೆಮನೆಗೆ ಹೋಗಿ ಯಾರು ಯಾವ ಉದ್ಯೋಗದಲ್ಲಿದ್ದಾರೆ ಎಂದು ಪ್ರಶ್ನಾವಳಿ ತುಂಬುವ ಕೆಲಸ. ಒಂದು ಮನೆಯಲ್ಲಿ ಯಜಮಾನರು ಕುಣಿಮಗ್ಗದಲ್ಲಿ ಕುಳಿತು ಸೀರೆ ನೇಯುತ್ತಿದ್ದರು. ಪಕ್ಕದಲ್ಲೇ ಅವರ ಪತ್ನಿ ರಾಟೆ ತಿರುಗಿಸುತ್ತ ಕಂಡಿಕೆಗೆ ನೂಲು ಸುತ್ತುತ್ತಿದ್ದರು. ‘ಅಕ್ಕಾರ, ನೀವೇನ್ ಕೆಲ್ಸಾ ಮಾಡ್ತೀರಿ?’ ಎಂದು ವಿದ್ಯಾರ್ಥಿ ಕೇಳಿದ. ‘ನಂದೇನ್ ಕೆಲ್ಸಾರೀ, ಮನ್ಯಾಗ ಇರ್ತೀನ್ರೀ’ ಎಂದರು ಆಕೆ. ರಾಟೆ ಮಾತ್ರ ನಿಲ್ಲಲಿಲ್ಲ. ವಿದ್ಯಾರ್ಥಿ ‘ಗೃಹಕೃತ್ಯ’ ಎಂಬ ಚೌಕದಲ್ಲಿ ಗುರುತು ಹಾಕಿ ಮುಂದಿನ ಮನೆಗೆ ನಡೆದ. ನಾನೂ ತಡೆಯಲಿಲ್ಲ.

ಸಂಜೆ ಲೆಕ್ಕ ಕೂಡಿಸುವಾಗ ನಮ್ಮ ತಪ್ಪು ಅರಿವಾಯಿತು. ಕಂಡಿಕೆ ಇಲ್ಲದೆ ಲಾಳಿ ಓಡದು, ಲಾಳಿ ಓಡದೆ ಹಾಸಿಗೆ ಹೊಕ್ಕು ಸೇರದು. ಆದರೂ ನಮ್ಮ ಕಾಗದದ ಮೇಲಿನ ಇಳಕಲ್‌ನಲ್ಲಿ ಬಹುತೇಕ ಮಗ್ಗಗಳು ಒಬ್ಬೊಬ್ಬರಿಂದಲೇ ನಡೆಯುತ್ತಿದ್ದವು!

ಇದನ್ನು ನೆನಪಿಸಿಕೊಳ್ಳಲು ಕಾರಣವಿದೆ. ‘ಕ್ಲಸ್ಟರ್’ ಎಂದು ಕರೆಯಲಾಗುವ ಕೈಗಾರಿಕಾ ಸಮೂಹಗಳನ್ನು ಗುರುತಿಸಿ, ಅವುಗಳ ನಕ್ಷೆ ಬರೆದು, ನೆರವು ನೀಡುವುದು ಈಗ ಸರ್ಕಾರಗಳಿಗೆ ರೂಢಿಯಾಗಿದೆ. ಒಂದೇ ಬಗೆಯ ಉದ್ಯಮಗಳು ಒಂದೇ ಊರಿನ ಸುತ್ತ ಏಕೆ ನೆಲೆಸುತ್ತವೆ ಎಂಬುದಕ್ಕೆ ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ಮಾರ್ಷಲ್ 1890ರಷ್ಟು ಹಿಂದೆಯೇ ಮೂರು ಕಾರಣ ಕೊಟ್ಟಿದ್ದರು. ನುರಿತ ಕೆಲಸಗಾರರು ಅಲ್ಲಿ ಸುಲಭವಾಗಿ ಸಿಗುತ್ತಾರೆ. ಪೂರಕ ಕಸುಬುಗಳು ಹತ್ತಿರದಲ್ಲೇ ಬೆಳೆಯುತ್ತವೆ. ಕಸುಬಿನ ಗುಟ್ಟು ಬಾಯಿಂದ ಬಾಯಿಗೆ ಹಬ್ಬುತ್ತದೆ. ಈ ಮೂರೂ ಸಂಬಂಧಗಳ ಮಾತು. ನಾವು ಅಳೆಯುತ್ತಿರುವುದಾದರೋ ಬಹುಮಟ್ಟಿಗೆ ತಲೆಗಳನ್ನು ಮಾತ್ರ.

ಹೆಚ್ಚು ಬಳಕೆಯಲ್ಲಿರುವ ಅಳತೆಗೋಲು ‘ಸ್ಥಾನ ಗುಣಾಂಕ’. ಅದರ ಲೆಕ್ಕ ಸರಳ. ಒಂದು ಜಿಲ್ಲೆಯ ಒಟ್ಟು ಉದ್ಯೋಗದಲ್ಲಿ ಒಂದು ಉದ್ಯಮದ ಪಾಲು ಶೇ 6, ದೇಶದಲ್ಲಿ ಅದೇ ಉದ್ಯಮದ ಪಾಲು ಶೇ 2 ಎಂದಿಟ್ಟುಕೊಂಡರೆ ಗುಣಾಂಕ 3. ಒಂದಕ್ಕಿಂತ ಹೆಚ್ಚಿದ್ದಷ್ಟೂ ಆ ಉದ್ಯಮ ಅಲ್ಲಿ ಸಾಂದ್ರವಾಗಿದೆ ಎಂದರ್ಥ. ಆದರೆ 5,000 ಮಂದಿ ದುಡಿಯುವ ಒಂದೇ ದೊಡ್ಡ ಕಾರ್ಖಾನೆಯೂ, ತಲಾ 50 ಮಂದಿ ದುಡಿಯುವ ನೂರು ಘಟಕಗಳೂ ಈ ಲೆಕ್ಕದಲ್ಲಿ ಒಂದೇ. ಮೊದಲನೆಯದರಲ್ಲಿ ಸಮೂಹವೇ ಇಲ್ಲ! ಈ ದೋಷವನ್ನು ತಿದ್ದಲು ಎಲಿಸನ್ ಮತ್ತು ಗ್ಲೇಸರ್ ಎಂಬ ವಿದ್ವಾಂಸರು 1997ರಲ್ಲಿ ಘಟಕಗಳ ಗಾತ್ರವನ್ನೂ ಪರಿಗಣಿಸುವ ಸೂಚ್ಯಂಕವೊಂದನ್ನು ರೂಪಿಸಿದರು. ಆದರೆ ಎಷ್ಟೇ ಸೂಕ್ಷ್ಮವಾದ ಸೂತ್ರವೂ ತನಗೆ ಉಣಿಸಿದ ಅಂಕಿಗಳಿಗಿಂತ ಹೆಚ್ಚಿನದನ್ನು ಹೇಳಲಾರದು.

ಬೆಳಗಾವಿಯ ಎರಕದ ಉದ್ಯಮವನ್ನೇ ನೋಡೋಣ. ಉದ್ಯಮಬಾಗ ಪ್ರದೇಶದಲ್ಲಿ ಓಡಾಡಿದವರಿಗೆ ಫೌಂಡ್ರಿ ಒಂಟಿಯಾಗಿ ಬದುಕುವುದಿಲ್ಲ ಎಂಬುದು ಗೊತ್ತು. ಒಬ್ಬರು ಪ್ಯಾಟರ್ನ್ ಮಾಡಿಕೊಡುತ್ತಾರೆ, ಇನ್ನೊಬ್ಬರು ಮರಳಿನ ಅಚ್ಚಿಗೆ ಕಬ್ಬಿಣ ಎರೆಯುತ್ತಾರೆ, ಮತ್ತೊಬ್ಬರು ಬಿಡಿಭಾಗವನ್ನು ಯಂತ್ರಕ್ಕೆ ಕೊಟ್ಟು ನಯಗೊಳಿಸುತ್ತಾರೆ. ಕೊನೆಗೆ ಅದು ಪಂಪನ್ನೋ ವಾಹನವನ್ನೋ ಸೇರುತ್ತದೆ. ನಮ್ಮ ರಾಷ್ಟ್ರೀಯ ಕೈಗಾರಿಕಾ ವರ್ಗೀಕರಣದಲ್ಲಿ ಎರಕ 24ನೇ ವಿಭಾಗಕ್ಕೆ ಸೇರುತ್ತದೆ. ಯಂತ್ರದಲ್ಲಿ ನಯಗೊಳಿಸುವ ಕೆಲಸ 25ಕ್ಕೆ, ಪಂಪು 28ಕ್ಕೆ, ವಾಹನದ ಬಿಡಿಭಾಗ 29ಕ್ಕೆ. ಒಂದೇ ಬೀದಿಯಲ್ಲಿ ಕೈಬದಲಾಯಿಸುವ ಒಂದೇ ಲೋಹದ ತುಂಡು, ಅಂಕಿ-ಅಂಶಗಳ ಪುಸ್ತಕದಲ್ಲಿ ಬೇರೆ ಬೇರೆ ಪುಟಗಳಿಗೆ ಹಂಚಿಹೋಗುತ್ತದೆ.

ಗಡಿಯದು ಇನ್ನೊಂದು ಸಮಸ್ಯೆ. ಬೆಳಗಾವಿಯಿಂದ ಹೆದ್ದಾರಿ ಹಿಡಿದು ನೂರು ಕಿಲೋಮೀಟರಿಗೆ ತುಸು ಹೆಚ್ಚು ಸಾಗಿದರೆ ಕೊಲ್ಹಾಪುರ. ಅದೂ ಎರಕಕ್ಕೆ ಹೆಸರಾದ ಊರೇ. ಉದ್ಯಮಿಯ ಕಣ್ಣಿಗೆ ಇದು ಒಂದೇ ಪಟ್ಟಿಯಂತೆ ಕಾಣಬಹುದು. ಆದರೆ ನಿಪ್ಪಾಣಿ ದಾಟಿದೊಡನೆ ರಾಜ್ಯ ಬದಲಾಗುತ್ತದೆ, ಯೋಜನೆ ಬದಲಾಗುತ್ತದೆ, ಲೆಕ್ಕ ಇಡುವ ಇಲಾಖೆಯೂ ಬದಲಾಗುತ್ತದೆ. ಜಿಲ್ಲೆಯನ್ನೇ ಅಳತೆಯ ಘಟಕವಾಗಿಸಿಕೊಂಡ ನಕ್ಷೆಗೆ ಗಡಿಯಾಚೆಯ ಗಿರಾಕಿಯೂ ಕುಶಲಕರ್ಮಿಯೂ ಕಾಣುವುದಿಲ್ಲ.

ಇನ್ನು ಯಾರನ್ನು ಎಣಿಸುತ್ತೇವೆ ಎಂಬ ಪ್ರಶ್ನೆ. 1948ರ ಕಾರ್ಖಾನೆ ಕಾಯ್ದೆಯು ವಿದ್ಯುತ್ ಬಳಸಿದರೆ 10, ಬಳಸದಿದ್ದರೆ 20 ಕೆಲಸಗಾರರು ಎಂಬ ಮಿತಿ ಇಟ್ಟಿತ್ತು. ಕೈಗಾರಿಕೆಗಳ ವಾರ್ಷಿಕ ಸಮೀಕ್ಷೆ ದಶಕಗಳ ಕಾಲ ಬಹುಮಟ್ಟಿಗೆ ಇದನ್ನೇ ಆಧರಿಸಿತ್ತು. 2020ರ ಕಾರ್ಮಿಕ ಸಂಹಿತೆಯಲ್ಲಿ ಕಾರ್ಖಾನೆಯ ಮಿತಿ 20 ಮತ್ತು 40ಕ್ಕೆ ಏರಿದೆ. ಮಿತಿಯ ಕೆಳಗಿರುವ ಸಣ್ಣ ಘಟಕಗಳನ್ನು ಮಾದರಿ ಸಮೀಕ್ಷೆಗಳು ಅಂದಾಜು ಮಾಡುತ್ತವೆ, ನಿಜ. ಆದರೆ ಒಂದು ಊರಿನ ಒಂದು ಕಸುಬಿನ ಚಿತ್ರವನ್ನು ಅಂಥ ಅಂದಾಜಿನಿಂದ ಬಿಡಿಸುವುದು ಕಷ್ಟ. ಎಲ್ಲ ಘಟಕಗಳನ್ನೂ ಎಣಿಸುವ ಆರ್ಥಿಕ ಗಣತಿ ಬರುವುದು ಬಹಳ ಅಪರೂಪಕ್ಕೆ. ಅದರ ಆರನೇ ಸುತ್ತು ನಡೆದದ್ದು 2013–14ರಲ್ಲಿ.

ಇದು ಬರಿಯ ಪಂಡಿತರ ಜಗಳವಲ್ಲ. ಸಾಂಪ್ರದಾಯಿಕ ಕೈಗಾರಿಕೆಗಳ ಪುನರುಜ್ಜೀವನಕ್ಕೆಂದು ಕೇಂದ್ರ ಸರ್ಕಾರ 2005ರಲ್ಲಿ ಆರಂಭಿಸಿದ ‘ಸ್ಫೂರ್ತಿ’ ಯೋಜನೆಯ ಪರಿಷ್ಕೃತ ನಿಯಮಗಳಲ್ಲಿ, ಸಮೂಹದ ಕುಶಲಕರ್ಮಿಗಳ ಸಂಖ್ಯೆ 500ನ್ನು ಮೀರಿದೆಯೇ ಇಲ್ಲವೇ ಎಂಬುದರ ಮೇಲೆ ನೆರವಿನ ಮಿತಿ ನಿಂತಿತ್ತು. ಮನೆಯಲ್ಲಿ ಕುಳಿತು ದುಡಿಯುವ ಹೆಂಗಸರನ್ನು ಬಿಟ್ಟು ಎಣಿಸಿದರೆ ದೊಡ್ಡ ಸಮೂಹವೂ ಸಣ್ಣದಾಗಿಬಿಡುತ್ತದೆ. ಅದಕ್ಕಿಂತ ಮುಖ್ಯವಾಗಿ, ಪಟ್ಟಿಯಲ್ಲಿ ಇಲ್ಲದವರಿಗೆ ತರಬೇತಿಯಿಲ್ಲ, ವಿಮೆಯಿಲ್ಲ, ಗುರುತಿನ ಚೀಟಿಯಿಲ್ಲ.

ಎಣಿಸುವುದು ಅಸಾಧ್ಯವೇ? ಖಂಡಿತ ಅಲ್ಲ. 2019–20ರ ನಾಲ್ಕನೇ ಅಖಿಲ ಭಾರತ ಕೈಮಗ್ಗ ಗಣತಿ ನೇಕಾರರ ಜೊತೆಗೆ ಪೂರಕ ಕೆಲಸಗಾರರನ್ನೂ ಪ್ರತ್ಯೇಕವಾಗಿ ಕೇಳಿತು. ಫಲವಾಗಿ 26.73 ಲಕ್ಷ ನೇಕಾರರ ಜೊತೆಗೆ 8.48 ಲಕ್ಷ ಪೂರಕ ಕೆಲಸಗಾರರು ಲೆಕ್ಕಕ್ಕೆ ಸಿಕ್ಕರು. ಕೇಳಿದ್ದರಿಂದ ಕಂಡರು, ಅಷ್ಟೇ. ಎರಕಕ್ಕೋ ಗೊಂಬೆ ಕೆತ್ತನೆಗೋ ಇಂಥ ವಿಶೇಷ ಗಣತಿಯ ಭಾಗ್ಯವಿಲ್ಲ.

ಆದ್ದರಿಂದ ನನ್ನ ಸಲಹೆ ಸರಳವಾದದ್ದು. ಗುಣಾಂಕ ಬೇಡವೆನ್ನುವುದಿಲ್ಲ, ಎಲ್ಲಿ ನೋಡಬೇಕು ಎಂಬುದನ್ನು ಅದು ತೋರಿಸಲಿ. ಆನಂತರ ಆ ಊರಿಗೆ ಹೋಗಿ, ಒಂದು ಸರಕಿನ ಹಿಂದೆ ಕಚ್ಚಾವಸ್ತುವಿನಿಂದ ಗಿರಾಕಿಯವರೆಗೆ ನಡೆಯಬೇಕು. ಯಾರು ಯಾರಿಗೆ ಕೆಲಸ ಕೊಡುತ್ತಾರೆ, ಯಾರಿಂದ ಕೊಳ್ಳುತ್ತಾರೆ, ಕಲಿಸಿದವರು ಯಾರು ಎಂದು ಬರೆದುಕೊಳ್ಳಬೇಕು. ಆ ಗೆರೆಗಳು ನಿಂತಲ್ಲಿ ಸಮೂಹದ ಗಡಿ. ಜಿಲ್ಲೆ ಮುಗಿದಲ್ಲಿ ಅಲ್ಲ. ಸ್ಥಳೀಯ ಕಾಲೇಜುಗಳ ನೆರವು ಪಡೆದರೆ ಇದಕ್ಕೆ ದೊಡ್ಡ ಖರ್ಚೂ ಬೇಕಿಲ್ಲ.

ಮರುದಿನ ನಾವು ಅದೇ ಮನೆಗೆ ಹೋದೆವು. ಪ್ರಶ್ನೆಯನ್ನು ಬದಲಾಯಿಸಿದ್ದೆವು. ‘ಅಕ್ಕಾರ, ಮುಂಜಾನೆಯಿಂದ ಏನೇನ್ ಮಾಡೀರಿ?’ ಆಕೆ ನಕ್ಕು ಹೇಳಿದರು: ‘ನಸುಕಿನ್ಯಾಗ ಎದ್ದು ನೀರು ತಂದ್ನಿರೀ, ರೊಟ್ಟಿ ಬಡದ್ನಿರೀ, ಆಮ್ಯಾಲಿಂದ ಕಂಡಿಕಿ ಸುತ್ಗೋತ ಕುಂತೀನ್ರೀ.’ ವಿದ್ಯಾರ್ಥಿ ಹಿಂದಿನ ದಿನದ ಗುರುತನ್ನು ಹೊಡೆದುಹಾಕಿ, ಆಕೆಯ ಹೆಸರನ್ನು ಕೆಲಸಗಾರರ ಪಟ್ಟಿಯಲ್ಲಿ ಬರೆದುಕೊಂಡ.