ದುಡಿದು ಕುಳಿತಾಗ ನಾಡಿ ಎಷ್ಟು ಬೇಗ ಇಳಿಯಬೇಕು?



ಗೊಬ್ಬರದ ಬುಟ್ಟಿ ಹೊತ್ತು ಗುಡ್ಡದ ತೋಟ ಹತ್ತಿದರೆ ಯಾರ ಎದೆಯಾದರೂ ಹೊಡೆದುಕೊಳ್ಳುತ್ತದೆ. ಅದು ಸಹಜ. ನಾವು ಗಮನಿಸಬೇಕಾದುದು, ಕೆಲಸ ನಿಂತ ಮೇಲೆ ಆ ಬಡಿತ ಎಷ್ಟು ಬೇಗ ಇಳಿಯುತ್ತದೆ ಎಂಬುದನ್ನು.

ಹೃದಯದ ವೇಗವನ್ನು ಎರಡು ಬಗೆಯ ನರಗಳು ಹತೋಟಿಯಲ್ಲಿಡುತ್ತವೆ. ಸಿಂಪಥೆಟಿಕ್ ನರಗಳು ಗಾಡಿ ಎತ್ತಿಗೆ ಬಾರುಕೋಲಿದ್ದಂತೆ. ವೇಗಸ್ ನರ ಮೂಗುದಾರವಿದ್ದಂತೆ. ದುಡಿಯುವಾಗ ಮೂಗುದಾರ ಸಡಿಲವಾಗಿ ಬಾರುಕೋಲು ಕೆಲಸ ಮಾಡುತ್ತದೆ. ದುಡಿಮೆ ನಿಂತ ಕೂಡಲೇ ಮೂಗುದಾರ ಬಿಗಿಯಾಗುತ್ತದೆ. ಮೊದಲ ನಿಮಿಷದಲ್ಲಿ ನಾಡಿ ಇಳಿಯುವುದು ಬಹುಪಾಲು ಇದರಿಂದಲೇ.

ದೀರ್ಘಕಾಲದ ಹೃದಯ ವೈಫಲ್ಯವೆಂದರೆ ಹೃದಯ ನಿಂತುಹೋಗುವುದಲ್ಲ. ದೇಹಕ್ಕೆ ಬೇಕಾದಷ್ಟು ರಕ್ತ ಒದಗಿಸಲು ಅದು ಸೋಲುವುದು. ಹಿಂದೆ ಆದ ಹೃದಯಾಘಾತ, ಏರಿದ ರಕ್ತದೊತ್ತಡ, ಕವಾಟದ ದೋಷ ಇದರ ಮುಖ್ಯ ಕಾರಣಗಳು. ಕೊರತೆ ತುಂಬಲು ದೇಹ ಸದಾ ಬಾರುಕೋಲು ಬೀಸುತ್ತಲೇ ಇರುತ್ತದೆ. ಹೀಗಾಗಿ ಕುಳಿತ ಮೇಲೂ ನಾಡಿ ಬೇಗ ಇಳಿಯದು. ಕ್ರೀಡಾಪಟುಗಳಲ್ಲಿ ಈ ಇಳಿತ ಚುರುಕು, ಹೃದಯ ವೈಫಲ್ಯದವರಲ್ಲಿ ಮಂದ ಎಂಬುದನ್ನು 1994ರಲ್ಲಿ ಜಪಾನಿನ ಸಂಶೋಧಕರು ತೋರಿಸಿದರು.

1999ರಲ್ಲಿ ಅಮೆರಿಕದ ಕ್ಲೀವ್‌ಲೆಂಡ್ ಕ್ಲಿನಿಕ್‌ನ ವೈದ್ಯರು, ಹೃದಯ ವೈಫಲ್ಯವಿಲ್ಲದ 2,428 ಮಂದಿಯ ಆರು ವರ್ಷಗಳ ವಿವರ ಪ್ರಕಟಿಸಿದರು. ಟ್ರೆಡ್‌ಮಿಲ್ ಪರೀಕ್ಷೆಯ ನಂತರ ಮೊದಲ ನಿಮಿಷದಲ್ಲಿ ನಾಡಿ 12 ಅಥವಾ ಅದಕ್ಕಿಂತ ಕಡಿಮೆ ಇಳಿದವರಲ್ಲಿ, ವಯಸ್ಸು ಮುಂತಾದುವನ್ನು ಲೆಕ್ಕಕ್ಕೆ ಹಿಡಿದ ಮೇಲೂ, ಸಾವಿನ ಅಪಾಯ ಇಮ್ಮಡಿಯಿತ್ತು. ಹೃದಯ ವೈಫಲ್ಯದವರಲ್ಲೂ ಮಂದ ಇಳಿತ ಒಳ್ಳೆಯ ಲಕ್ಷಣವಲ್ಲವೆಂದು ಅನಂತರದ ಅಧ್ಯಯನಗಳು ತಿಳಿಸಿವೆ.

ಹಾಗೆಂದು ಮನೆಯಲ್ಲೇ ನಾಡಿ ಎಣಿಸಿ ತೀರ್ಮಾನಕ್ಕೆ ಬರುವುದು ಬೇಡ. ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಲೆಕ್ಕವೇ ಬೇರೆ. ಇದನ್ನು ವೈದ್ಯರು ಇ.ಸಿ.ಜಿ. ಸಹಿತ ನೋಡಬೇಕು.

ಇಳಿತವನ್ನು ಸುಧಾರಿಸಲೂ ಸಾಧ್ಯ. ಕ್ರಮವಾದ ನಡಿಗೆಯಿಂದ ಮೂಗುದಾರ ಮತ್ತೆ ಬಲಗೊಳ್ಳುತ್ತದೆ. ರೋಗ ಹತೋಟಿಯಲ್ಲಿರುವವರಿಗೆ ಹದವರಿತ ವ್ಯಾಯಾಮ ಸುರಕ್ಷಿತವೆಂದು 2,331 ರೋಗಿಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಎಷ್ಟು ನಡೆಯಬೇಕೆಂಬುದನ್ನು ವೈದ್ಯರೇ ಹೇಳಲಿ.

ಸದಸ್ಯರು ನೆನಪಿಡಬೇಕಾದ ಅಂಶಗಳು:

1. ಏರು ಹತ್ತಿದ ಮೇಲೆ ತಟ್ಟನೆ ಕುಳಿತುಬಿಡದೆ, ಕೆಲವು ನಿಮಿಷ ನಿಧಾನವಾಗಿ ನಡೆದು ಕುಳಿತುಕೊಳ್ಳಿ.

2. ಮಲಗಿದಾಗ ಉಬ್ಬಸ, ಕಾಲು ಊತ, ಎರಡು ಮೂರು ದಿನಗಳಲ್ಲಿ 2 ಕಿಲೋದಷ್ಟು ತೂಕ ಏರಿಕೆ ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಹೋಗಿ.

3. ಕೊಯ್ಲಿನ ಗಡಿಬಿಡಿಯಲ್ಲಿ ಮಾತ್ರೆ ತಪ್ಪಿಸಬೇಡಿ.

ಅಡಿಕೆಯ ಕೊನೆ ನಾಲ್ಕು ದಿನ ತಡವಾಗಿ ಇಳಿದರೂ ನಡೆದೀತು. ದಣಿದ ಹೃದಯದ ಮಾತು ಹಾಗಲ್ಲ.