ಮಹಾತ್ಮರ ಹತ್ಯೆಯೂ ನಮ್ಮ ಗಡಿಯ ಬೆಂಕಿಯೂ

ಮಹಾತ್ಮಾ ಗಾಂಧಿಯವರು ಕಾಂಗ್ರೆಸ್ಸಿನ ಅಧ್ಯಕ್ಷರಾದದ್ದು ಒಂದೇ ಸಲ. ಅದೂ ೧೯೨೪ರಲ್ಲಿ, ನಮ್ಮ ಬೆಳಗಾವಿಯಲ್ಲಿ. ಚಿಕ್ಕೋಡಿ-ಅಥಣಿ ಪ್ರಾಂತದವರಾದ ನಮಗೆ ಇದು ಹೆಮ್ಮೆ. ಅವರು ೧೯೪೮ರ ಜನವರಿ ೩೦ರಂದು ದಿಲ್ಲಿಯಲ್ಲಿ ಗುಂಡಿಗೆ ಬಲಿಯಾದರು. ಹಂತಕನು ಮಹಾರಾಷ್ಟ್ರದ ಬ್ರಾಹ್ಮಣನೆಂಬ ಸುದ್ದಿ ಹಬ್ಬಿದ್ದೇ ತಡ, ನಿಪ್ಪಾಣಿಗೆ ನೆರೆಯಾದ ಕೊಲ್ಹಾಪುರದಲ್ಲಿಯೂ ಕಾಗವಾಡದಾಚೆಯ ಮಿರಜ-ಸಾಂಗಲಿಗಳಲ್ಲಿಯೂ ನಿರಪರಾಧಿ ಬ್ರಾಹ್ಮಣರ ಮನೆಗಳಿಗೆ ಬೆಂಕಿಯಿಟ್ಟರು. ಅದೂ ಮಹಾತ್ಮರ ಹೆಸರಿನಲ್ಲಿ! ರಾಯಬಾಗವು ಆಗ ಕೊಲ್ಹಾಪುರ ಸಂಸ್ಥಾನಕ್ಕೇ ಸೇರಿತ್ತು.

ಪಾಕಿಸ್ತಾನಕ್ಕೆ ೫೫ ಕೋಟಿ ರೂಪಾಯಿ ಕೊಡಿಸಿದರೆಂದು ಅವರನ್ನು ದೂರುವವರು ಇಂದಿಗೂ ಇದ್ದಾರೆ. ಅದು ಒಪ್ಪಂದದಂತೆ ಸಲ್ಲಬೇಕಾಗಿದ್ದ ಬಾಕಿ. ಕೊಟ್ಟ ಮಾತನ್ನು ನಡೆಸಿರೆಂಬುದು ದ್ರೋಹವೇ? ಆದರೆ ಅವರನ್ನು ಪೂಜಿಸುವ ನಾವೂ ನಿರ್ದೋಷಿಗಳಲ್ಲ. ಹಂತಕನನ್ನು ವರ್ಷವರ್ಷವೂ ಹಳಿಯುತ್ತೇವೆ; ಆ ಬೆಂಕಿಯ ಮಾತು ಬಂದರೆ ತುಟಿ ಬಿಗಿಯುತ್ತೇವೆ. ಬರುವ ಜನವರಿ ೩೦ರ ಸಭೆಗಳಲ್ಲಿ ಈ ಐದೂ ತಾಲೂಕುಗಳ ಭಾಷಣಕಾರರು ಸುಟ್ಟ ಮನೆಗಳ ಸಂಗತಿಯನ್ನೂ ಹೇಳಬೇಕೆಂದು ನಾವು ಕೇಳಿಕೊಳ್ಳುತ್ತೇವೆ.